ತಿಪ್ಪೇಶನ ಹಗುರ ಲೈಬ್ರರಿ

ಜಗಳೂರಿನ ತಿಪ್ಪೇಶನದು ಕಂಪ್ಯೂಟರ್ ರಿಪೇರಿ ಕೆಲಸ. ಬಿಡುವಾದಾಗ, ಲಿನಕ್ಸ್‌ಗಾಗಿ ಹಲವರು ಸೇರಿ ಬರೆದ ಸಿ ಭಾಷೆಯ ಪುಟ್ಟ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಾನೆ. ಬೇರೆ ಪ್ರೋಗ್ರಾಮ್‌ಗಳು ದಿನವೂ ಬಳಸುವ ಸಣ್ಣಪುಟ್ಟ ಕೋಡ್‌ಗಳ ಕಣಜ ಅದು; ಭಾರವಾಗಕೂಡದು. ಬೇಡವೆನಿಸಿದ ಕೋಡ್ ಕಂಡರೆ, ‘ಯಾರಾದರೂ ಬಳಸುತ್ತಿದ್ದೀರಾ?’ ಎಂದು ಎಲ್ಲರಿಗೂ ಮೇಲ್ ಹಾಕುತ್ತಾನೆ. ತಿಂಗಳು ಕಾದರೂ ಉತ್ತರ ಬಾರದಿದ್ದರೆ ಅಳಿಸಿಬಿಡುತ್ತಾನೆ. ದಾಕ್ಷಿಣ್ಯದ ಮಾತೇ ಇಲ್ಲ.

ಹೆಂಡತಿ ಕಾವ್ಯಶ್ರೀ ತೀರಿಕೊಂಡು ವರ್ಷವಾಯಿತು. ಅವಳ ಹೊಲಿಗೆ ಮಷೀನು ಅರ್ಧ ಕೋಣೆ ಹಿಡಿದು ನಿಂತಿದೆ.

"ಸುಮ್ನೆ ಧೂಳು ಹಿಡೀತಾ ಐತಲ್ಲಪ್ಪ, ನಮ್ಮ ಸೊಸೆಗೆ ಕೊಡು. ಅವಳಿಗೆ ಹೊಲಿಯಾಕೆ ಬರ್ತೈತೆ," ಎಂದರು ಪಕ್ಕದ ಮನೆಯ ಅಂಜಮ್ಮ.

ತಿಪ್ಪೇಶ ಉತ್ತರ ಬಾರದ ಕೋಡೊಂದನ್ನು ಅಳಿಸುತ್ತಿದ್ದ. ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ.

"ಕಾವ್ಯನ್ನ ಕೇಳೀನಿ ದೊಡ್ಡಮ್ಮ. ಇನ್ನೂ ಉತ್ರ ಬಂದಿಲ್ಲ."