ಜ್ಞಾನಮಿತ್ರರ ಬೆಂಚು

ಸುಂಕದಕಟ್ಟೆಯ ಆ ಪುಟ್ಟ ಚರ್ಚಿನಲ್ಲಿ ಫ್ಯಾನಿಗೊಂದು ಹೆಸರು, ಗಡಿಯಾರಕ್ಕೊಂದು ಹೆಸರು, ಕುಡಿಯುವ ನೀರಿನ ಡ್ರಮ್ಮಿಗೂ ಒಂದು ಹೆಸರು. ಕೊಟ್ಟವರು ಯಾರೆಂದು ಬರೆಸದಿದ್ದರೆ ದೇವರಿಗೆ ಗೊತ್ತಾಗುವುದಿಲ್ಲ ಎಂಬ ಭಯವೋ ಏನೋ! ಎಲ್ಲಕ್ಕಿಂತ ದಪ್ಪ ಅಕ್ಷರ ಮಾತ್ರ ಮೊದಲ ಸಾಲಿನ ತೇಗದ ಬೆಂಚಿಗೆ ಹೊಡೆದ ಹಿತ್ತಾಳೆ ಫಲಕದ್ದು: ‘ಎ. ಜ್ಞಾನಮಿತ್ರ ಮತ್ತು ಕುಟುಂಬದವರ ಕಾಣಿಕೆ’.

ಜ್ಞಾನಮಿತ್ರರು ಮಾಗಡಿ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟು ಮೇಲೆ ಬಂದವರು. ಮಲ್ಲತ್ತಹಳ್ಳಿಯಲ್ಲಿ ಮೂರಂತಸ್ತಿನ ಮನೆ ಎದ್ದಿತು, ಬೆರಳುಗಳಿಗೆ ಉಂಗುರ ಬಂದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಕೊಡೆ ಹಿಡಿಯಲಿಲ್ಲ, ಬೆಂಚು ಮಾಡಿಸಿದರು. ಆರು ಜನ ಆರಾಮಾಗಿ ಕೂರಬಹುದಾದ ಬೆಂಚು. ಮಕ್ಕಳಿಲ್ಲದ ಆ ಮನೆಯಿಂದ ಬರುತ್ತಿದ್ದವರು ಇಬ್ಬರೇ, ಅವರು ಮತ್ತು ಹೆಂಡತಿ ಶಾಂತಶೀಲಾ.

ಒಂದು ಭಾನುವಾರ, ಹೊಸದಾಗಿ ಪ್ರಾರ್ಥನೆಗೆ ಬರತೊಡಗಿದ್ದ ಗಾರ್ಮೆಂಟ್ಸ್ ಕೆಲಸದ ರಾಮಕ್ಕ ಗೊತ್ತಿಲ್ಲದೆ ಅಲ್ಲಿ ಕೂತರು.

“ಏನಮ್ಮಾ, ಹೆಸರು ಬರೆಸಿರೋದು ಕಾಣ್ಸಲ್ವಾ? ಹಿಂದೆ ಹೋಗಿ,” ಎಂದರು ಜ್ಞಾನಮಿತ್ರರು, ಇಡೀ ಸಭೆಗೆ ಕೇಳುವಂತೆ.

“ಸುಮ್ನಿರಿ ಅಂದ್ರೆ. ಕೂತ್ಕೊಳ್ಲಿ ಬಿಡಿ,” ಎಂದು ಶಾಂತಶೀಲಾ ಗಂಡನ ತೋಳು ಹಿಡಿದೆಳೆದರೂ ಅವರು ಕೇಳಲಿಲ್ಲ. ರಾಮಕ್ಕ ಬ್ಯಾಗೆತ್ತಿಕೊಂಡು ಹಿಂದಿನ ಜಮಖಾನಕ್ಕೆ ಹೋದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂದಿನಿಂದ ಆ ಬೆಂಚಿನ ಹತ್ತಿರ ಯಾರೂ ಸುಳಿಯಲಿಲ್ಲ. ಇದು ತಮಗೆ ಕೊಡುವ ಮರ್ಯಾದೆ ಎಂದೇ ಜ್ಞಾನಮಿತ್ರರು ಬಹಳ ಕಾಲ ನಂಬಿದ್ದರು.

ಹೋದ ವರ್ಷ ಶಾಂತಶೀಲಾ ತೀರಿಕೊಂಡರು. ವಾರವೆಲ್ಲ ಅಂಗಡಿಯಲ್ಲಿ ಹೇಗೋ ಕಳೆಯುತ್ತಿತ್ತು, ಭಾನುವಾರವೇ ಕಷ್ಟ. ಗಂಡ ಹೆಂಡತಿ ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುತ್ತಿದ್ದವರು. ಈಗಲೂ ಪುಸ್ತಕ ತಾನಾಗಿ ಬಲಕ್ಕೆ ವಾಲುತ್ತದೆ, ಆ ತುದಿ ಹಿಡಿಯುವ ಕೈಯಿಲ್ಲ. ಪಕ್ಕದಲ್ಲಿ ಯಾರಾದರೂ ಬಂದು ಕೂರಲಿ ಎಂಬುದೊಂದೇ ಅವರ ಆಸೆ. ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಆಳನ್ನು ಕರೆಯುವುದು ಗೊತ್ತಿತ್ತು, ಜೊತೆಗೆ ಕರೆಯುವುದು ಗೊತ್ತಿರಲಿಲ್ಲ.

ಈ ಸಲ, ಈಸ್ಟರಿಗೆ ವಾರ ಮೊದಲಿನ ಗರಿಗಳ ಭಾನುವಾರ, ಚರ್ಚು ಕಿಕ್ಕಿರಿದಿತ್ತು. ತೆಂಗಿನ ಗರಿ ಹಿಡಿದ ಜನ ಬಾಗಿಲಾಚೆಗೂ ನಿಂತಿದ್ದರು. ಲೋಕದ ರಾಜ ಯೇಸುವೇ ಕತ್ತೆಮರಿಯ ಮೇಲೆ ಬಂದ, ನಮಗೆ ಮಾತ್ರ ಮೊದಲ ಸಾಲೇ ಬೇಕು ಎಂದರು ಪ್ರಸಂಗಕ್ಕೆ ನಿಂತ ಪಾದ್ರಿ ಅಯ್ಯನವರು. ಉಂಗುರ ತೊಟ್ಟವನಿಗೆ ಪೀಠ ಕೊಟ್ಟು ಬಡವನನ್ನು ನಿಲ್ಲಿಸಬೇಡಿ ಎಂದು ಸತ್ಯವೇದ ಎಚ್ಚರಿಸಿರುವುದನ್ನೂ ನೆನಪಿಸಿದರು. ಜ್ಞಾನಮಿತ್ರರ ಕಡೆ ಅಯ್ಯನವರು ನೋಡಲಿಲ್ಲ. ಸಭೆಯಲ್ಲಿ ಯಾರೂ ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಜ್ಞಾನಮಿತ್ರರು ಹಿಂದಕ್ಕೆ ತಿರುಗಿ, ಗೋಡೆಗೊರಗಿ ನಿಂತಿದ್ದ ಯುವಕನೊಬ್ಬನನ್ನು, “ಬನ್ನಿ, ಇಲ್ಲಿ ಜಾಗ ಇದೆ,” ಎಂದು ಕರೆದರು.

“ಪರ್ವಾಗಿಲ್ಲ ಸಾರ್. ನಿಮ್ ಬೆಂಚು, ನೀವು ಕೂತ್ಕೊಳ್ಳಿ.” ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಅವರಿಗೆ ತಡೆಯಲಾಗಲಿಲ್ಲ. ಎದ್ದು, ಮಂಡಿ ನೋವನ್ನೂ ಲೆಕ್ಕಿಸದೆ ನಡೆದು ಹೋಗಿ, ಹಿಂದಿನ ಜಮಖಾನದ ಮೇಲೆ ರಾಮಕ್ಕನ ಹತ್ತಿರವೇ ಕೂತರು. “ಸರ್ಕೊಳ್ರೀ, ಸಾರ್‌ಗೆ ಜಾಗ ಬಿಡಿ,” ಎಂದು ಯಾರೋ ಪಿಸುಗುಟ್ಟಿದರು. ಇಕ್ಕಟ್ಟಿನಲ್ಲೂ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಅವರ ಸುತ್ತ ಜಾಗ ಮಾಡಿದರು.

“ರಾಮಕ್ಕಾ, ಅವತ್ತು ನಿಮ್ಮನ್ನ ಎಬ್ಬಿಸ್ದೆ. ತಪ್ಪಾಯ್ತು.”

“ಅಯ್ಯೋ, ಅದನ್ನ ಅವತ್ತೇ ಮರ್ತೆ ಸಾರ್.”

ರಾಮಕ್ಕ ನಿಜವಾಗಿಯೇ ನಕ್ಕರು. ಆಮೇಲೆ, ತಮ್ಮ ಸೆರಗು ಸಾಹುಕಾರರಿಗೆ ತಗುಲೀತೆಂದು ಒಳಗೆಳೆದುಕೊಂಡು, ಇನ್ನೊಂದಿಷ್ಟು ಆಚೆಗೆ ಸರಿದು ಕೂತರು.