ಹಳ್ಳದ ಪಕ್ಕದ ಸೊಪ್ಪು

೨೦೦೬ನೇ ಇಸವಿ, ಕಾರ್ತಿಕದ ಒಂದು ಬುಧವಾರ, ಬೆಳಗ್ಗೆ ಏಳು ಗಂಟೆ. ಹುಳು ಮನೆಯ ಮುಂದೆ ಇದ್ದವರು ನಾನು, ನಮ್ಮ ಯಜಮಾನರು, ಸೊಪ್ಪು ಕೊಯ್ಯಲು ಬರುವ ಹೆಂಗಸು. ರೇಷ್ಮೆ ಹುಳುವಿಗೆ ಬೆಳಗಿನ ಸೊಪ್ಪು ಹಾಕಿ ಮುಗಿಸಿ ಕೈ ತೊಳೆಯುತ್ತಿದ್ದೆ. ಆಗ ನನ್ನ ಮೈದುನ, ಎಂದರೆ ಯಜಮಾನರ ಚಿಕ್ಕಪ್ಪನ ಮಗ, ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಬಂದ. ಹಿರಿಯರನ್ನು ಕರೆತಂದಿದ್ದಾನೆ ಎಂದರೆ ಏನೋ ಕೇಳಲು ಬಂದಿದ್ದಾನೆ. ಹಾಗೆ ಅವನು ನನ್ನ ಬಾಗಿಲಿಗೆ ಬರಲಿ ಎಂದು ಯುಗಾದಿಯಿಂದ ಕಾದಿದ್ದೆ.

ಅವನ ಹೊಲ ನಮ್ಮದಕ್ಕಿಂತ ಮೇಲಿದೆ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ರಸ್ತೆ ಬದಿಯ ತುಂಡನ್ನು ಪ್ಯಾಂಟು ಒಗೆಯುವ ಶೆಡ್ಡಿಗೆ ಬಾಡಿಗೆಗೆ ಕೊಟ್ಟ. ಲಾರಿಯಲ್ಲಿ ಹೊಸ ಜೀನ್ಸ್ ಬರುತ್ತಿದ್ದವು. ಕಲ್ಲು, ಔಷಧಿ ಹಾಕಿ ಮಿಷನ್ನಿನಲ್ಲಿ ತಿರುಗಿಸಿ, ಮೊಣಕಾಲಿನ ಹತ್ತಿರ ಉಪ್ಪುಕಾಗದದಿಂದ ಉಜ್ಜಿ, ಹಳೆಯದು ಮಾಡಿ ವಾಪಸು ಕಳಿಸುತ್ತಿದ್ದರು. ಹೊಲದಲ್ಲಿ ದುಡಿಯುವವನ ಬಟ್ಟೆ ಸವೆಯಲು ವರ್ಷಗಳು ಬೇಕು. ದುಡಿಯದವನಿಗೆ ಅದೇ ಸವೆತ ಅಂಗಡಿಯಲ್ಲೇ ಬೇಕು, ಅದೂ ಹಬ್ಬಕ್ಕೊಂದು ಬಣ್ಣದಲ್ಲಿ. ಪೇಟೆಯಲ್ಲಿ ಈಗ ಯಾವ ಬಣ್ಣ ಓಡುತ್ತಿದೆ ಎಂಬುದು ನಮಗೆ ಹಳ್ಳ ನೋಡಿದರೆ ತಿಳಿಯುತ್ತಿತ್ತು. ಶೆಡ್ಡಿನ ಪೈಪು ಮೈದುನನ ಬದುವಿನ ಮೇಲೆ ಹಾದು ಹಳ್ಳಕ್ಕೆ ಬೀಳುತ್ತಿತ್ತು. ಆ ಹಳ್ಳದ ನೀರು ನಮ್ಮ ಕೆಳಗಿನ ಹಿಪ್ಪುನೇರಳೆ ತೋಟಕ್ಕೆ.

ಸೊಪ್ಪು ಕೊಯ್ಯುವ ಹೆಂಗಸು ಒಂದು ವರ್ಷ ಆ ಶೆಡ್ಡಿನಲ್ಲಿ ಪ್ಯಾಂಟು ಉಜ್ಜಿ, ಕೆಮ್ಮು ಹಿಡಿಸಿಕೊಂಡು ನಮ್ಮಲ್ಲಿಗೆ ಮರಳಿದವಳು. ಉಗುಳಿದರೆ ನೀಲಿ ಬರುತ್ತಿತ್ತು ಎಂದು ತಾನೇ ಹೇಳಿದ್ದಳು. ಕೆಮ್ಮುವವಳು ಬೇಡ ಎಂದು ಅವರೇ ಬಿಡಿಸಿದ್ದರು.

ಯುಗಾದಿಯ ಬೆಳೆ ನನ್ನ ಕೈಯಲ್ಲೇ ಸತ್ತಿತು. ನಾಲ್ಕನೇ ಜ್ವರ ಎದ್ದ ಹುಳು, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ಹೊತ್ತು ಗೊತ್ತಿಲ್ಲದೆ ತಿನ್ನಬೇಕು. ಅವು ಆ ಕೆಳಗಿನ ತೋಟದ ಎಲೆಯ ಅಂಚಿಗೆ ಬಾಯಿಟ್ಟು ತಲೆ ಎತ್ತಿ ನಿಂತವು. ಹಸುರು ಕಕ್ಕಿದವು. ತಟ್ಟೆ ತಟ್ಟೆಯನ್ನೇ ಗುಂಡಿಗೆ ಮಗುಚಿ ಸುಣ್ಣ ಸುರಿದೆ. ಹಾಲಿನ ಡೈರಿಯ ಮುಂದೆ ಊರು ಸೇರಿದಾಗ ಪೈಪಿನ ನೀರಿನ ವಿಷಯ ಎತ್ತಿ ಮೈದುನನನ್ನು ಕೇಳಿದೆ. ಅವನು ಇದೇ ಹಿರಿಯರ ಎದುರಿಗೆ, "ಬಣ್ಣದ ನೀರು ಕಣ್ ದೊಡ್ಡಯ್ಯ, ಇಸ ಅಲ್ಲ. ಸೊಪ್ಪಿಗೆ ಗೊಬ್ಬರ ಅದು. ಅತ್ಗೆ ಹುಳ ಸಾಕೋದ್ ಮರ್ತವ್ರೆ, ವಯಸ್ಸಾಯ್ತು," ಎಂದ. ಜನ ನಕ್ಕರು. ಹುಳು ಮನೆಯಲ್ಲಿ ಒಂದು ಹೊತ್ತೂ ತಪ್ಪದೆ ಸೊಪ್ಪು ಹಾಕಿದ ನನ್ನನ್ನು ನೋಡಿ ನಕ್ಕರು.

ಈಗ ಅವನೇ ಬಂದು ನಿಂತಿದ್ದ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಏರಿದೆ ಎಂದು ಆಸೆಬಿದ್ದು, ತೋಟದ ಸೊಪ್ಪಿಗೆ ಮೀರಿ ಹುಳು ಮೇಯಿಸಿದ್ದ. ಹುಳು ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನವಿತ್ತು, ತೋಟದಲ್ಲಿ ಬರಿಯ ಕಡ್ಡಿ ಉಳಿದಿತ್ತು.

"ಅವ್ವಾ, ನಾಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಇಲ್ಲ ಅನ್ನಬಾರದು," ಎಂದರು ಹಿರಿಯರು. ನಮ್ಮ ಕಡೆ ಅದು ಕಟ್ಟಳೆ. ಹಗೆಯವನು ಬಂದರೂ ಕೊಡಬೇಕು. ಅವನು ಮುಂದಿನ ಬೆಳೆಯಲ್ಲಿ ಸೊಪ್ಪಾಗಿ ತೀರಿಸಬೇಕು.

"ಇಲ್ಲ ಅಂದವರ್ಯಾರು ದೊಡ್ಡಯ್ಯ? ಬನ್ನಿ," ಎಂದೆ.

ಎಲ್ಲರನ್ನೂ ಕರೆದುಕೊಂಡು ನೇರ ಹಳ್ಳದ ಪಕ್ಕದ ತೋಟಕ್ಕೆ ಇಳಿದೆ. ಯುಗಾದಿಯಿಂದ ಅಲ್ಲಿ ಎಲೆ ಮುಟ್ಟಿರಲಿಲ್ಲ. ಆಳೆತ್ತರ ಬೆಳೆದಿತ್ತು, ಅಂಚು ಮಾತ್ರ ಸುಟ್ಟಂತೆ ಕಂದಿತ್ತು. ಕುಡುಗೋಲನ್ನು ಮೈದುನನ ಕೈಗೆ ಕೊಟ್ಟೆ.

"ಕೊಯ್ಕೊ ಮೈದ, ಎಷ್ಟ್ ಬೇಕೋ ಅಷ್ಟು. ನಿನ್ ಗೊಬ್ಬರದ್ದೇ ಸೊಪ್ಪು."

ಅವನು ಹಿರಿಯರ ಮುಖ ನೋಡಿದ. ಮಾನ ಹೋದೀತು ಎಂದು ಬಗ್ಗಿ ಒಂದು ಹಿಡಿ ಕೊಯ್ದ. ಸೊಪ್ಪಿನ ಹೆಂಗಸು ಗೋಣಿತಾಟು ಹಾಸಿ, "ಇನ್ನೊಸಿ ಕೊಯ್ರಣ್ಣ, ನಾನೇ ಹೊತ್ಕೊಂಡ್ ಬತ್ತೀನಿ," ಎಂದು ಕೆಮ್ಮಿದಳು. ಎರಡನೇ ಹಿಡಿಗೆ ಅವನ ಕೈ ಏಳಲಿಲ್ಲ.

"ಯಾಕ್ಲಾ, ಏನಾಯ್ತು?" ಎಂದರು ಹಿರಿಯರು.

"ಹುಳ ಸಾಯ್ತವೆ," ಎಂದ, ನೆಲ ನೋಡಿಕೊಂಡು.

"ಇನ್ನೊಂದ್ ಸಲ ಯೋಳು. ದೊಡ್ಡಯ್ಯಂಗೆ ಕಿವಿ ಮಂದ," ಎಂದೆ ನಾನು.

"ಈ ಸೊಪ್ಪು ಹಾಕುದ್ರೆ ಹುಳ ಸಾಯ್ತವೆ ಅತ್ಗೆ! ಸಾಕಾ?"

ಸಾಕಾಗಲಿಲ್ಲ. ಯಜಮಾನರು, "ಆಯ್ತಲ್ಲ, ಬಾವಿ ತೋಟದಾಗೆ ಕೊಟ್ಬುಡು. ಹುಳ ಏನ್ ಪಾಪ ಮಾಡ್ದವು?" ಎಂದರು. ಬಾವಿ ನೀರಿನ ಆ ಮೇಲಿನ ತೋಟದಲ್ಲಿ, ಯುಗಾದಿಯಿಂದ ಅರ್ಧಕ್ಕಿಳಿಸಿದ್ದ ನಮ್ಮ ಬೆಳೆಗೆ ಹಾಕಿ ಮಿಕ್ಕುವಷ್ಟು ಸೊಪ್ಪಿತ್ತು. ನನ್ನ ಹುಳು ಯಾವ ಪಾಪ ಮಾಡಿದ್ದವು ಎಂದು ಕೇಳಿದೆ.

"ಮೊದ್ಲು ಪೈಪಿನ ನೀರು ನಿಲ್ಲಲಿ. ಆಮೇಲೆ ಸೊಪ್ಪು," ಎಂದೆ.

ಮೈದುನ ಮೊಬೈಲಿನಲ್ಲಿ ಶೆಡ್ಡಿನವನಿಗೆ ಕೈಮುಗಿಯುವ ದನಿಯಲ್ಲಿ ಕೇಳಿಕೊಂಡ. ಆ ಕಡೆಯವನು ಬೈದದ್ದು ನಮಗೂ ಕೇಳಿಸಿತು. "ಆಗಾಕಿಲ್ವಂತೆ. ಸಾವ್ರಾರು ಪ್ಯಾಂಟು ಇವತ್ತೇ ಲಾರಿಗ್ ಏರಬೇಕಂತೆ. ತಡ ಆದ್ರೆ ಫ್ಯಾಸನ್ ಹಳೇದಾಯ್ತದಂತೆ," ಎಂದ.

"ಹಳೇದ್ ಮಾಡಕ್ಕೇ ತಾನೆ ಒಗೆಯೋದು?" ಎಂದರು ಹಿರಿಯರು. ಆ ದಿನ ಅವರು ಆಡಿದ ಒಂದೇ ತಮಾಷೆ ಅದು. ಯಾರೂ ನಗಲಿಲ್ಲ.

ಕೊಟ್ಟಿಗೆಯಿಂದ ಕೊಡಲಿ ತಂದು ಮೈದುನನ ಮುಂದಿಟ್ಟೆ. "ಪೈಪು ಹಾದಿರೋದು ನಿನ್ ಬದದ ಮೇಲೆ. ಅಲ್ಲೇ ಒಡಿ."

"ನನ್ ತೋಟಕ್ಕೆ ನುಗ್ತದೆ ಅತ್ಗೆ."

"ಗೊಬ್ಬರ ಅಲ್ವಾ?"

ಒಡೆದರೆ ಶೆಡ್ಡಿನವನು ಬಿಡುವುದಿಲ್ಲ, ಬಾಡಿಗೆ ಹೋಗುತ್ತದೆ ಎಂದು ಅವನು ಬಾಯಿಬಿಟ್ಟ. ಬಿಸಿಲು ಏರುತ್ತಿತ್ತು. ಅವನ ಹುಳು ಬೆಳಗಿನ ಸೊಪ್ಪಿಲ್ಲದೆ ತಟ್ಟೆಯ ಅಂಚಿಗೆ ಹತ್ತುತ್ತಿವೆ ಎಂದು ಅವನ ಹೆಂಡತಿ ಹೇಳಿಕಳಿಸಿದಳು. ಆಗ ಕೊಡಲಿ ಎತ್ತಿಕೊಂಡು ಬದುವಿಗೆ ಹೋದ. ಮೂರನೇ ಏಟಿಗೆ ಪೈಪು ಒಡೆಯಿತು. ನೀರು ಕಡುನೀಲಿಯಾಗಿ, ಬಿಸಿಬಿಸಿಯಾಗಿ, ನೊರೆ ಕಾರುತ್ತಾ ಅವನ ತೋಟದ ಸಾಲುಗಳಿಗೆ ಇಳಿಯಿತು. ಮಳೆ ಬಂದರೆ ಅದೇ ನೀರು ಮತ್ತೆ ಹಳ್ಳಕ್ಕೆ ಬಸಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಕೊನೆಯ ಸಾಲಿನ ಬುಡ ನೀಲಿಯಾಗುವವರೆಗೂ ಬದುವಿನ ಮೇಲೆ ನಿಂತು ನೋಡಿದೆ. ಅಂಥ ಸಮಾಧಾನ ನನಗೆ ದೇವಸ್ಥಾನದಲ್ಲೂ ಸಿಕ್ಕಿಲ್ಲ. ಹೀಗೆ ಬರೆಯಬಾರದು ಎನ್ನುವವರು ಬೇಕಾದರೆ ಒಂದು ಬೆಳೆ ಗುಂಡಿಗೆ ಸುರಿದು ಬಂದು ಹೇಳಲಿ.

ಆಮೇಲೆ ಬಾವಿ ತೋಟದ ಗೇಟು ತೆಗೆದೆ. ಅವನು, ಅವನ ಹೆಂಡತಿ ಓಡೋಡಿ ಕೊಯ್ದು ಹೊತ್ತರು. ಕೊಡುವಾಗ ಅಳೆಯಲಿಲ್ಲ. ಸೊಪ್ಪಿನ ಹೆಂಗಸು ಮಾತ್ರ ಅವರಿಗೆ ಕೈಜೋಡಿಸದೆ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಳು. ನಾನು ಏಳು ಎನ್ನಲಿಲ್ಲ.

ಮಧ್ಯಾಹ್ನ ಶೆಡ್ಡಿನವನು ಬೈಕಿನಲ್ಲಿ ಬಂದು ಮೈದುನನ ಮನೆ ಮುಂದೆ ಕೂಗಾಡಿದ. ನಮ್ಮ ಅಂಗಳಕ್ಕೂ ಕೇಳಿಸಿತು. ಯಜಮಾನರು ಹೋಗಿ ಬಿಡಿಸಲು ಎದ್ದರು. ಊಟ ಆರುತ್ತದೆ, ಕೂತುಕೊಳ್ಳಿ ಎಂದೆ.

ಸಂಜೆ ನಮ್ಮ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದೆವು. ತಟ್ಟೆಯ ಕಸ ತೆಗೆದು ಗುಂಡಿಗೆ ಹಾಕಿಸಿದೆ. ಓಡಾಡುವ ಜಾಗಕ್ಕೆ ಸುಣ್ಣದ ಪುಡಿ ಉದುರಿಸಿ, ಬಾಗಿಲ ಬಳಿಯ ಕಾಲೊರಸು ಗೋಣಿಗೆ ಔಷಧಿ ನೀರು ಚಿಮುಕಿಸಿ, ಹುಳು ಮನೆಯ ಚಿಲಕ ಹಾಕಿದೆ.