ಎಷ್ಟು ಕಾಲಿನ ಹಕ್ಕಿ

ಸಿಂದಗಿಯಲ್ಲಿ ನಮ್ಮದೊಂದು ಕನ್ನಡಕದ ಅಂಗಡಿ ಇದೆ. ನನ್ನ ಅಬ್ಬಾ ಶುರು ಮಾಡಿದ್ದು; ಈಗ ನಾನೂ ನನ್ನ ಗಂಡನೂ ನಡೆಸುತ್ತೇವೆ. ದಿನವೆಲ್ಲ ಗಾಜುಗಳ ನಡುವೆ ಕೂತಿರುವುದರಿಂದಲೋ ಏನೋ, ಓಣಿಯಲ್ಲಿ ಮದುವೆ ಫೋಟೋ ತೆಗೆಯುವವನು ಹಳೆಯ ಕ್ಯಾಮೆರಾ ಮಾರುತ್ತೇನೆ ಅಂದಾಗ ನಾನೇ ಕೊಂಡೆ. ಮೊದಮೊದಲು ಅಂಗಳದ ಗುಬ್ಬಿ ತೆಗೆದೆ, ಆಮೇಲೆ ಕಾಲುವೆ ದಂಡೆಯ ಮಿಂಚುಳ್ಳಿ. ಉದ್ದನೆಯ ಲೆನ್ಸ್ ಬಂದ ಮೇಲೆ ಭಾನುವಾರದ ಬೆಳಗು ಮನೆಯಲ್ಲಿ ನಿಲ್ಲುವುದೇ ಕಷ್ಟವಾಯಿತು.

ಜೊತೆಗೆ ಬರುವವರು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೇ ಕರೆಯುತ್ತೇವೆ. ಹೈಸ್ಕೂಲಿನಲ್ಲಿ ಇವರು ನನಗೆ ಖೋ ಖೋ ಆಡಿಸಿದವರು. ನಿವೃತ್ತರಾಗಿ ಓದುವ ಕನ್ನಡಕ ಮಾಡಿಸಲು ಅಂಗಡಿಗೆ ಬಂದವರು ಗೋಡೆಯ ಮೇಲಿನ ಹಕ್ಕಿಗಳನ್ನು ನೋಡಿ, "ಮುಂದಿನ ಸಲ ಹೋಗುವಾಗ ನನ್ನ ಕರಿ. ಮನ್ಯಾಗ ಕುಂತು ಮೊಣಕಾಲು ಹಿಡಕೊಂಡಾವ," ಅಂದರು. ಅದು ವಿನಂತಿಯಾಗಿರಲಿಲ್ಲ, ಅವರ ಹಳೆಯ ಸೀಟಿಯೇ ಆಗಿತ್ತು.

ಬಸವನ ಬಾಗೇವಾಡಿಯ ದಾರಿಯಲ್ಲಿ ಒಂದು ಕೆರೆ ಇದೆ. ನಾನು ಚಿಕ್ಕವಳಿದ್ದಾಗ ಅದರ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಾಲುವೆಯ ನೀರು ತುಂಬಿಸತೊಡಗಿದ ಮೇಲೆ ಅಂಚಿಗೆಲ್ಲ ಜೊಂಡು ಬೆಳೆಯಿತು, ನಡುವೆ ತಾವರೆ ಎಲೆ ಹರಡಿತು, ಎಲ್ಲಿಂದಲೋ ಹಕ್ಕಿಗಳೂ ಬಂದವು. ಮಳೆ ಬಿದ್ದು ಎರೆಮಣ್ಣು ಚಪ್ಪಲಿಗೆ ರೊಟ್ಟಿಯಂತೆ ಅಂಟುವ ದಿನಗಳು. ಗಾಳಿ ಇಲ್ಲ, ಬರೀ ಧಗೆ. ಬೆವರಿಗೆ ಕ್ಯಾಮೆರಾ ಕೈಯಿಂದ ಜಾರುತ್ತಿತ್ತು. ಅಂಥದೊಂದು ಭಾನುವಾರ ಅಕ್ಕೋರ ಜೊತೆ ದಂಡೆಯ ಮೇಲೆ ನಿಂತು, ಎಲೆಗಳ ಮೇಲೆ ಓಡಾಡುವ ಕಂಚಿನ ಬೆನ್ನಿನ ದೇವನಕ್ಕಿಯ ಕೆಲವು ಚಿತ್ರ ತೆಗೆದೆ. ಬಹಳ ದೂರವಿತ್ತು.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಹಕ್ಕಿಗೆ ಎರಡೇ ಕಾಲಿರಲಿಲ್ಲ. ಹೊಟ್ಟೆಯ ಎರಡೂ ಕಡೆ ದಾರದಂಥ ಕಾಲುಗಳು ಜೋತುಬಿದ್ದಿದ್ದವು. ಚಿತ್ರ ಮಸುಕಾಗಿತ್ತು. ನಾನು ಆರು ಅಂದೆ, ಗಂಡ ಎಂಟು ಅಂದ. "ಬೇರು ಇರಬೇಕು," ಅಂತಲೂ ಅಂದ. ಅಕ್ಕೋರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬೇರಿಗೆ ಬೆರಳ ಇರತಾವೇನು? ಇಲ್ಲಿ ನೋಡು, ಬೆರಳ ಅದಾವ."

ಆ ವಾರ ಹೊಸ ಕನ್ನಡಕ ಒಯ್ಯಲು ಬಂದವರಿಗೆಲ್ಲ ನಾನು ಆ ಚಿತ್ರ ತೋರಿಸಿದೆ. ಇಂಡಿ ಊರಿನಿಂದ ಬಂದ ಲಾರಿ ಮಾಲೀಕರೊಬ್ಬರು ಹತ್ತು ಎಣಿಸಿದರು. ಒಬ್ಬ ಹೆಣ್ಣುಮಗಳು ಎಣಿಸುತ್ತ ಎಣಿಸುತ್ತ, "ಇದು ಹಕ್ಕಿ ಅಲ್ಲ ಬಿಡ್ರಿ, ಏಡಿ," ಅಂದು ಕನ್ನಡಕವನ್ನೇ ಅನುಮಾನಿಸಿದಳು. ಮೊಬೈಲಿನಲ್ಲಿ ಹುಡುಕಿದ್ದರೆ ಉತ್ತರ ಕ್ಷಣದಲ್ಲಿ ಸಿಗುತ್ತಿತ್ತು. ನಾನು ಫೋನ್ ಎತ್ತಿಕೊಂಡಾಗ ಅಕ್ಕೋರು ಅದರ ಮೇಲೆ ಕೈ ಇಟ್ಟರು.

"ಹುಡುಕಬ್ಯಾಡ. ಅದು ಅಲ್ಲೇ ಐತಿ, ನಾವೂ ಇಲ್ಲೇ ಅದೀವಿ. ಹೋಗಿ ನೋಡೂಣು."

"ನೀರಾಗ ಹೆಂಗ ಹೋಗೂದ್ರಿ ಅಕ್ಕೋರ? ನನಗ ಈಸಾಕ ಬರೂದಿಲ್ಲ."

"ನಡುಮಟ ನೀರಾಗ ಯಾರೂ ಈಸೂದಿಲ್ಲ. ನಡೀತಾರ."

ಪಂಕ್ಚರ್ ಅಂಗಡಿಯಿಂದ ಟ್ರ್ಯಾಕ್ಟರ್ ಗಾಲಿಯ ಹಳೆಯ ಟ್ಯೂಬ್ ತಂದೆವು. ಅದರ ಮೇಲೆ ಹಲಗೆ ಕಟ್ಟಿ, ಹಲಗೆಯ ಮೇಲೆ ಕ್ಯಾಮೆರಾ ಇಡಲು ಉಸುಕಿನ ಚೀಲ. ಚಡಚಣದಲ್ಲಿ ಅಕ್ಕೋರ ತಮ್ಮನ ದ್ರಾಕ್ಷಿ ತೋಟವಿದೆ. ಸಸಿಗೆ ನೆರಳು ಮಾಡುವ ಹಸಿರು ನೆಟ್ ಅಲ್ಲಿಂದ ಬಂತು. ಅದನ್ನು ಡೇರೆಯ ಹಾಗೆ ಮೇಲೆ ಹೊದಿಸಿ ಮೈತುಂಬ ಜೊಂಡು ಸಿಗಿಸಿದೆವು. ಒಳಗೆ ನಾವಿಬ್ಬರೂ ಟ್ಯೂಬ್ ಹಿಡಿದುಕೊಂಡು, ಕೆಸರಿನಲ್ಲಿ ಕಾಲೆಳೆಯುತ್ತ ಹೋಗಬೇಕು. ಅಕ್ಕೋರು ಮೊದಲೇ ಒಂದು ಬಿದಿರಿನ ಕೋಲು ಹಿಡಿದು ಹೋಗಿ ಎಲ್ಲೆಲ್ಲಿ ಎಷ್ಟು ಆಳ ಎಂದು ನೋಡಿ ಬಂದರು. ನೀರಿಗಿಳಿದಾಗ ನನಗೆ ಹೆದರಿಕೆಯಿತ್ತು. ಕಾಲಡಿಯಲ್ಲಿ ಏನೋ ಮೆತ್ತಗೆ ಸರಿದಾಗಲೆಲ್ಲ ಅವರ ತೋಳು ಹಿಡಿಯುತ್ತಿದ್ದೆ. ಆದರೆ ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ ಕೂಡಲೇ ಆ ಕೆರೆ ನನಗೆ ಗೊತ್ತಿದ್ದ ಕೆರೆಯಾಗಿ ಉಳಿಯಲಿಲ್ಲ. ಎಲೆಗಳೇ ಒಂದು ಬಯಲಿನಂತೆ ಹರಡಿದ್ದವು. ಅದರ ಮೇಲೆ ಜೇಡದಂಥ ಉದ್ದ ಬೆರಳೂರುತ್ತ ದೇವನಕ್ಕಿ ನಡೆದು ಬರುತ್ತಿತ್ತು. ಕಪ್ಪು ಕತ್ತು, ಕಣ್ಣಿನ ಮೇಲೆ ಬಿಳಿ ಹುಬ್ಬು.

ಅದಕ್ಕೆ ಎರಡೇ ಕಾಲು.

"ಎರಡ ಅದಾವಲ್ರಿ," ಅಂತ ಪಿಸುಗುಟ್ಟಿದೆ.

"ಸುಮ್ಕಿರು."

ಸ್ವಲ್ಪ ಹೊತ್ತಿನಲ್ಲಿ ಎಲೆಗಳ ನಡುವೆ ಹತ್ತಿಯುಂಡೆಯಷ್ಟು ದೊಡ್ಡ ಮರಿಗಳು ಕಂಡವು, ಬೆನ್ನ ಮೇಲೆ ಕಂದು ಪಟ್ಟಿ. ಮೈಗಿಂತ ಕಾಲೇ ದೊಡ್ಡದು. ಒಂದೊಂದೂ ಬೇರೆ ದಿಕ್ಕಿಗೆ ಹುಳ ಹುಡುಕುತ್ತಿತ್ತು. ನಾನು ಕ್ಲಿಕ್ ಮಾಡುತ್ತಲೇ ಇದ್ದೆ. ಅಷ್ಟರಲ್ಲಿ ಹಿಂದಿನಿಂದ ಬುಸ್ ಎಂದು ಉಸಿರು ಕೇಳಿತು. ತಿರುಗಿದರೆ ಎಮ್ಮೆಯ ಮೂತಿ ನೆಟ್‌ಗೆ ತಾಗುವಷ್ಟು ಹತ್ತಿರ! ನೀರಲ್ಲಿ ಹಾಯ್ದು ಬಂದದ್ದು ನಮ್ಮ ಜೊಂಡನ್ನು ಎಳೆದು ತಿನ್ನತೊಡಗಿತು. ದಂಡೆಯಿಂದ ಎಮ್ಮೆ ಕಾಯುವ ಒಬ್ಬ ಮುದುಕಿ ಕೂಗುತ್ತಿದ್ದಳು.

"ಯಾರದೂ ನೀರಾಗ? ಗಿಡ ತಾನ ನಡೀಲಾಕ ಹತ್ತೇತಿ! ಯವ್ವಾ, ಯಾರರೆ ಬರ್ರೆಪಾ!"

ನಾನು ಎಮ್ಮೆಯನ್ನು ನೋಡುತ್ತಿದ್ದೆ. ಅಕ್ಕೋರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಿರುಗಿಸಿದರು. ಗದ್ದಲಕ್ಕೆ ಹಕ್ಕಿ ಬೆದರಿತ್ತು. ಅದು ಎಲೆಯ ಮೇಲೆ ಕುಕ್ಕರಿಸಿ, ರೆಕ್ಕೆಗಳನ್ನು ತುಸು ಬಿಡಿಸಿ, ಒಂದು ಸಣ್ಣ ದನಿ ಮಾಡಿತು. ಮರಿಗಳು ಓಡೋಡಿ ಬಂದು ಎರಡೂ ರೆಕ್ಕೆಗಳಡಿ ತೂರಿಕೊಂಡವು. ಅದು ರೆಕ್ಕೆ ಒತ್ತಿಕೊಂಡು ಎದ್ದು ನಿಂತಿತು. ಮರಿಗಳ ಮೈ ಮರೆಯಾಗಿ, ಉದ್ದನೆಯ ಕಾಲುಗಳಷ್ಟೇ ಕಂಕುಳಿಂದ ಜೋತಾಡುತ್ತಿದ್ದವು. ಅಷ್ಟೂ ಹೊತ್ತುಕೊಂಡು ಅವಸರದಲ್ಲಿ, ಒಂದು ಎಲೆಯನ್ನೂ ಮುಳುಗಿಸದೆ, ಜೊಂಡಿನೊಳಗೆ ನಡೆದು ಹೋಯಿತು.

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಕ್ಕೋರು ಮಾತ್ರ ಎಮ್ಮೆಯ ಮೂತಿಗೆ ಮೆಲ್ಲಗೆ ತಟ್ಟಿ, "ಚಲೋ ಕೆಲಸ ಮಾಡಿದಿ ಬೇ," ಅಂದರು.

ದಂಡೆಗೆ ಬಂದಾಗ ಮುದುಕಿ ನಮ್ಮನ್ನು ಬೈಯಲು ಬಾಯಿ ತೆರೆದಿದ್ದಳು. ಒದ್ದೆ ಬಟ್ಟೆಯ ಇಬ್ಬರು ಹೆಂಗಸರನ್ನು ಕಂಡು ಬೈಗುಳ ಅರ್ಧಕ್ಕೇ ನಿಂತಿತು.

"ನಿಮಗ ಮನಿ ಮಠ ಇಲ್ಲೇನು? ನಾ ಯಾರೋ ಮುಳುಗ್ಯಾರಂತ ತಿಳದಿದ್ದೆ!"

ಅಕ್ಕೋರು ಕ್ಯಾಮೆರಾದ ಪರದೆಯನ್ನು ಸೆರಗಿನಿಂದ ನೆರಳು ಮಾಡಿ ತೋರಿಸಿದರು. ಮುದುಕಿ ಬಹಳ ಹೊತ್ತು ನೋಡಿದಳು. ಆ ಹಕ್ಕಿ ದಿನಾ ಅವಳ ಕಣ್ಣ ಮುಂದೆಯೇ ಓಡಾಡುತ್ತಿತ್ತಂತೆ. ಇದನ್ನು ಮಾತ್ರ ಕಂಡಿರಲಿಲ್ಲ.

"ಕಂಕುಳಾಗ ಇಟಗೊಂಡು ಹೊಂಟೈತಿ! ತಾಯಿ ಅಂದ್ರ ತಾಯೀನ ನೋಡವಾ."

ನಾವೂ ಹೌದೆಂದು ಗೋಣು ಹಾಕಿದೆವು. ಸಂಜೆ ಮನೆಗೆ ಬಂದ ಮೇಲೆ ಅಕ್ಕೋರ ಅಪ್ಪಣೆ ಪಡೆದು ಮೊಬೈಲಿನಲ್ಲಿ ಓದಿದೆ. ಮೂವರದೂ ತಪ್ಪು. ದೇವನಕ್ಕಿಯಲ್ಲಿ ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು, ಕಂಕುಳಲ್ಲಿ ಹೊರುವುದು ಎಲ್ಲ ಗಂಡೇ. ನನ್ನ ಗಂಡ ಇದನ್ನು ಕೇಳಿ, ಚಹಾ ಕುಡಿಯುವುದನ್ನು ನಿಲ್ಲಿಸಿ, ಚಿತ್ರವನ್ನು ಮತ್ತೊಮ್ಮೆ ಗೌರವದಿಂದ ನೋಡಿದ.

ಮುಂದಿನ ಭಾನುವಾರ ಮುದುಕಿಗೆ ಹೇಳಿದಾಗ ಅವಳು ನಂಬಲಿಲ್ಲ.

"ಅಪ್ಪಾ? ಹಂಗಾದ್ರ ಅವ್ವ ಎಲ್ಲಿ ಹೋಗ್ಯಾಳ?"

ಮೂವರೂ ದಂಡೆಯ ಮೇಲೆ ಕೂತು ಹುಡುಕತೊಡಗಿದೆವು. ಲೆನ್ಸಿನಲ್ಲಿ ಕೊನೆಗೆ ಕಂಡಿತು: ಆಚೆ ದಡದ ಬಳಿ ಅದೇ ಬಣ್ಣದ, ತುಸು ದೊಡ್ಡ ಹಕ್ಕಿ, ಎಲೆಗಳ ಮೇಲೆ ಬಂದ ಒಂದು ಕಪ್ಪು ನೀರುಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಮುದುಕಿಗೆ ಕ್ಯಾಮೆರಾ ಕೊಟ್ಟೆ. ಒಂದು ಕಣ್ಣು ಮುಚ್ಚುವುದು ಅವಳಿಗೆ ಬರಲಿಲ್ಲ. ಅಕ್ಕೋರು ಅಂಗೈಯಿಂದ ಮುಚ್ಚಿದರು.

"ಹಾಂ, ಅದಾಳ," ಅಂದಳು ಮುದುಕಿ. "ಆಕಿ ಹೊಲ ಕಾಯಾಕತ್ತಾಳ."

ಆ ಮಳೆಗಾಲವೆಲ್ಲ ಹೋಗುತ್ತಲೇ ಇದ್ದೆವು. ಮರಿಗಳು ಬೇಗ ಬೆಳೆದವು. ಕೊನೆಯ ಸಲ ಕಂಡಾಗ ಗಿಡುಗವೊಂದು ಮೇಲೆ ಹಾರಿತು, ಅಪ್ಪ ಕುಕ್ಕರಿಸಿ ಕರೆದ. ಒಂದು ಮರಿ ಮಾತ್ರ ಬಂತು. ಅದರ ತಲೆ ರೆಕ್ಕೆಯಡಿ ಹಿಡಿಸಿತು, ಹಿಂಭಾಗ ಪೂರ್ತಿ ಹೊರಗೇ ಉಳಿಯಿತು. ಅಪ್ಪ ಏಳಲು ನೋಡಿದ, ಆಗಲಿಲ್ಲ. ಉಳಿದವು ತಾವೇ ಓಡಿ ಜೊಂಡು ಸೇರಿದವು. ಅದೂ ತಲೆ ಹೊರಗೆಳೆದುಕೊಂಡು, ಒಂದು ಕ್ಷಣ ನಿಂತು, ಅವುಗಳ ಹಿಂದೆಯೇ ಓಡಿತು. ಅವನು ರೆಕ್ಕೆ ಕೊಡವಿ, ಎಲೆಯ ಅಂಚಿನಲ್ಲಿ ಏನನ್ನೋ ಕುಕ್ಕಿ ತಿನ್ನತೊಡಗಿದ.